ಒಂದು ಹಾಡಿನ ಓಟ, ಒಂದು ಬೆಳಗಿನ ಓಟ



ಚಳಿಗಾಲ ಹತ್ತಿರ ಬಂತೆಂದರೆ ನಮಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹಾಡಿನ ಕೋರಿಕೆಗಳ ಜೊತೆಗೆ ಓಟದ ಮಾತು ಶುರುವಾಗುತ್ತದೆ. ಆಶ್ಚರ್ಯವೇನಿಲ್ಲ. 2004ರಲ್ಲಿ ಮುಂಬೈ ಮ್ಯಾರಥಾನ್ ಆರಂಭವಾಯಿತು, 2005ರಲ್ಲಿ ದೆಹಲಿಯ ಹಾಫ್ ಮ್ಯಾರಥಾನ್, 2008ರಲ್ಲಿ ನಮ್ಮ ಬೆಂಗಳೂರಿನ 10 ಕಿಲೋಮೀಟರ್ ಓಟ. ಚೆನ್ನೈ, ಹೈದರಾಬಾದ್, ಪುಣೆಗಳೂ ಹಿಂದೆ ಬಿದ್ದಿಲ್ಲ. ಒಂದು ಕಾಲಕ್ಕೆ ಸೈನ್ಯದವರು, ರೈಲ್ವೆಯವರು ಮಾತ್ರ ಓಡುತ್ತಿದ್ದ ದೂರವನ್ನು ಈಗ ಬ್ಯಾಂಕಿನ ಗುಮಾಸ್ತರು, ಶಾಲಾ ಶಿಕ್ಷಕಿಯರು, ನಿವೃತ್ತರಾದ ಅಜ್ಜಂದಿರೂ ಓಡುತ್ತಿದ್ದಾರೆ.

ಈ ಸಲ ಬಂದ ಒಂದು ಪತ್ರ ನನ್ನನ್ನು ಈ ಲೇಖನಕ್ಕೆ ಕೂರಿಸಿತು. ಡೊಂಬಿವಿಲಿಯ ಕೇಳುಗರೊಬ್ಬರು ಬರೆದಿದ್ದಾರೆ: “ಆಫೀಸಿನಲ್ಲಿ ಎಲ್ಲರೂ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟರು, ನಾನೂ ಕೊಟ್ಟುಬಿಟ್ಟೆ. ವಯಸ್ಸು ನಲವತ್ತಾರು. ಲೋಕಲ್ ಹಿಡಿಯಲು ಸೇತುವೆಯ ಮೆಟ್ಟಿಲು ಹತ್ತುವುದೇ ನನ್ನ ವ್ಯಾಯಾಮ. ಇನ್ನು ಆರು ವಾರ ಇದೆ. ಮನೆಯವರು ಬೇಡವೇ ಬೇಡ ಅನ್ನುತ್ತಿದ್ದಾರೆ. ಸಾರ್, ಮನಸ್ಸು ಗಟ್ಟಿ ಮಾಡಿದರೆ ಓಡಬಹುದಲ್ಲವೇ?”

ಮನಸ್ಸಿನ ವಿಷಯ ಆಮೇಲೆ ನೋಡೋಣ. ಮೊದಲು ದೇಹ ಏನು ಹೇಳುತ್ತದೆ ಎಂದು ಕೇಳೋಣ, ಬನ್ನಿ.

ರೇಡಿಯೋ ಗಡಿಯಾರದಲ್ಲಿ ಓಟ

ನಾವು ರೇಡಿಯೋದವರು ಎಲ್ಲವನ್ನೂ ನಿಮಿಷದಲ್ಲೇ ಅಳೆಯುವವರು. ಓಟವನ್ನೂ ಹಾಗೇ ಅಳೆಯೋಣ. ಕೀನ್ಯಾದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಮುಗಿಸಿದರು. ಎರಡು ಹಾಡುಗಳ ನಡುವೆ ನಾವು ಆಡುವ ಮಾತಿನಷ್ಟು ಹೊತ್ತು. ಮೊರಾಕ್ಕೋದ ಹಿಷಾಮ್ ಎಲ್ ಗೆರೂಜ್ 1998ರಲ್ಲಿ ರೋಮ್ ನಗರದಲ್ಲಿ 1500 ಮೀಟರನ್ನು 3 ನಿಮಿಷ 26 ಸೆಕೆಂಡಿನಲ್ಲಿ ಓಡಿದರು. ಅದು ಸರಿಯಾಗಿ ಒಂದು ಚಿತ್ರಗೀತೆಯ ಅವಧಿ. ಇಥಿಯೋಪಿಯಾದ ಕೆನೆನಿಸಾ ಬೆಕೆಲೆ 2005ರಲ್ಲಿ ಬ್ರಸೆಲ್ಸಿನಲ್ಲಿ 10,000 ಮೀಟರಿಗೆ ತೆಗೆದುಕೊಂಡದ್ದು 26 ನಿಮಿಷ 17 ಸೆಕೆಂಡು. ಅರ್ಧ ಗಂಟೆಯ ಕಾರ್ಯಕ್ರಮ ಮುಗಿಯುವ ಮುಂಚೆಯೇ ಅವರು ಗುರಿ ಮುಟ್ಟಿಯಾಗಿತ್ತು. ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ 42.195 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದರು.

ನೀವೂ ನಾನೂ ಓಡಿದರೆ ಮ್ಯಾರಥಾನಿಗೆ ನಾಲ್ಕೈದು ಗಂಟೆ ಬೇಕು. ಅಂದರೆ ಒಂದು ಇಡೀ ಬೆಳಗು. 800 ಮೀಟರಿನಿಂದ ಮ್ಯಾರಥಾನಿನವರೆಗೆ ಎಲ್ಲವೂ ಓಟವೇ. ಆದರೆ ಒಂದೊಂದು ದೂರವೂ ದೇಹದ ಒಂದೊಂದು ಭಾಗವನ್ನು ಪರೀಕ್ಷೆಗೆ ಕೂರಿಸುತ್ತದೆ. ಯಾವುದು ಯಾವಾಗ ಸೋಲುತ್ತದೆ ಎಂದು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ.

ದೇಹದೊಳಗಿನ ಮೂರು ಬೆಂಕಿ

ಸ್ನಾಯು ಕೆಲಸ ಮಾಡಬೇಕಾದರೆ ಎಟಿಪಿ ಎಂಬ ವಸ್ತು ಬೇಕು. ಅದು ದೇಹದ ಚಿಲ್ಲರೆ ಹಣ ಇದ್ದಂತೆ. ಪ್ರತಿ ಹೆಜ್ಜೆಗೂ ಖರ್ಚಾಗುತ್ತದೆ, ಆದರೆ ಜೇಬಿನಲ್ಲಿರುವುದು ಕೆಲವೇ ಸೆಕೆಂಡಿಗೆ ಸಾಕಾಗುವಷ್ಟು. ಹಾಗಾಗಿ ದೇಹ ಅದನ್ನು ಓಡುತ್ತಲೇ ತಯಾರಿಸಿಕೊಳ್ಳಬೇಕು. ತಯಾರಿಸಲು ಮೂರು ದಾರಿಗಳಿವೆ. ಅಜ್ಜಿಯ ಮನೆಯ ಒಲೆಯನ್ನು ನೆನಪಿಸಿಕೊಳ್ಳಿ, ಮೂರೂ ಅರ್ಥವಾಗುತ್ತವೆ.

ಮೊದಲನೆಯದು ಕರ್ಪೂರ. ಹಚ್ಚಿದ ಕೂಡಲೇ ಭಗ್ಗೆಂದು ಉರಿದು ಮುಗಿಯುತ್ತದೆ. ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಫಾಸ್ಫೇಟ್ ಹಾಗೆಯೇ. ಹತ್ತು ಸೆಕೆಂಡಿನ ಆಚೀಚೆ ಅದರ ಆಟ ಮುಗಿಯುತ್ತದೆ. ಬಸ್ಸಿನ ಹಿಂದೆ ಓಡಿ ಹತ್ತುವಾಗ ನೀವು ಬಳಸುವುದು ಇದನ್ನೇ.

ಎರಡನೆಯದು ಒಣ ತೆಂಗಿನ ಗರಿ. ಜೋರಾಗಿ ಉರಿಯುತ್ತದೆ, ಹೊಗೆಯೂ ಅಷ್ಟೇ. ಸ್ನಾಯುವಿನಲ್ಲಿರುವ ಸಕ್ಕರೆಯನ್ನು ಆಮ್ಲಜನಕಕ್ಕೆ ಕಾಯದೆ ಅವಸರದಲ್ಲಿ ಒಡೆಯುವ ದಾರಿ ಇದು. ಶಕ್ತಿ ಬೇಗ ಸಿಗುತ್ತದೆ, ಆದರೆ ಸ್ನಾಯುವಿನೊಳಗೆ ಆಮ್ಲತೆ ಏರುತ್ತದೆ. ಒಂದೆರಡು ನಿಮಿಷದಲ್ಲಿ ಕಾಲು ಸೀಸದಂತೆ ಭಾರವಾಗುತ್ತದೆ.

ಮೂರನೆಯದು ಗಟ್ಟಿ ಸೌದೆ. ಹೊತ್ತಿಕೊಳ್ಳಲು ತಡ, ಗಾಳಿ ಬೇಕೇ ಬೇಕು. ಆದರೆ ಹೊತ್ತಿದ ಮೇಲೆ ಗಂಟೆಗಟ್ಟಲೆ ಉರಿಯುತ್ತದೆ. ಆಮ್ಲಜನಕ ಬಳಸಿ ಸಕ್ಕರೆಯನ್ನೂ ಕೊಬ್ಬನ್ನೂ ಪೂರ್ತಿಯಾಗಿ ಉರಿಸುವ ದಾರಿ ಇದು.

ಒಂದು ಬೆಂಕಿ ಆರಿದ ಮೇಲೆ ಇನ್ನೊಂದು ಹೊತ್ತುತ್ತದೆ ಎಂದುಕೊಳ್ಳಬೇಡಿ. ಮೂರೂ ಒಟ್ಟಿಗೇ ಉರಿಯುತ್ತಿರುತ್ತವೆ, ಪಾಲು ಮಾತ್ರ ಬೇರೆ. 800 ಮೀಟರಿನಲ್ಲಿ ಸೌದೆಯ ಪಾಲು ಸುಮಾರು ಮೂರರಲ್ಲಿ ಎರಡು, ಉಳಿದದ್ದು ಕರ್ಪೂರ ಮತ್ತು ತೆಂಗಿನ ಗರಿಯದು. 1500 ಮೀಟರಿಗೆ ಬಂದರೆ ಸೌದೆಯ ಪಾಲು ಶೇಕಡಾ 80ಕ್ಕೂ ಮೇಲೆ. 10,000 ಮೀಟರ್ ದಾಟಿದರೆ ಹೆಚ್ಚುಕಡಿಮೆ ಎಲ್ಲವೂ ಸೌದೆಯದೇ ಉರಿ. ಆದ್ದರಿಂದಲೇ ದೂರದ ಓಟಗಾರರ ತಯಾರಿಯಲ್ಲಿ ನಿಧಾನದ ಓಟಕ್ಕೆ ಅಷ್ಟು ಮಹತ್ವ.

ಎರಡು ಸುತ್ತಿನ ಸಂಕಟ

800 ಮೀಟರ್ ಅಂದರೆ ಮೈದಾನದ ಎರಡು ಸುತ್ತು. ನೋಡುವವರಿಗೆ ಸುಲಭ, ಓಡುವವರಿಗೆ ಅದು ಬಹಳ ಕ್ರೂರವಾದ ಓಟ. ಓಟಗಾರ ತನ್ನ ಪೂರ್ತಿ ವೇಗಕ್ಕೆ ಹತ್ತಿರದಲ್ಲೇ ಓಡಬೇಕು, ಅಷ್ಟೂ ಹೊತ್ತು ತಡೆದುಕೊಳ್ಳಲೂ ಬೇಕು. ರುಡಿಶಾ ಲಂಡನ್ನಿನಲ್ಲಿ ಮೊದಲ ಸುತ್ತನ್ನು 49.28 ಸೆಕೆಂಡಿನಲ್ಲಿ ಓಡಿದರು, ಎರಡನೆಯದಕ್ಕೆ 51 ಸೆಕೆಂಡಿಗಿಂತ ಹೆಚ್ಚು ಹಿಡಿಯಿತು. ಜಗತ್ತನ್ನೇ ಗೆದ್ದವರಿಗೂ ಎರಡನೆಯ ಸುತ್ತಿನಲ್ಲಿ ಹೊಗೆ ಕಟ್ಟಿತ್ತು!

ನಮ್ಮ ದೇಶದ ಶ್ರೀರಾಮ್ ಸಿಂಗ್ ಅವರ ಕಥೆಯನ್ನು ಹಿರಿಯ ಕೇಳುಗರು ಮರೆತಿರಲಾರರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ 800 ಮೀಟರ್ ಫೈನಲಿನಲ್ಲಿ ಮೊದಲ ಸುತ್ತು ಮುಗಿದಾಗ ಎಲ್ಲರಿಗಿಂತ ಮುಂದಿದ್ದದ್ದು ಅವರೇ. ಆ ಬಿರುಸಿನ ಓಟದಲ್ಲಿ ಕ್ಯೂಬಾದ ಆಲ್ಬರ್ಟೋ ಹುವಾಂಟೊರೆನಾ ವಿಶ್ವದಾಖಲೆ ಮಾಡಿದರು. ಶ್ರೀರಾಮ್ ಏಳನೆಯವರಾದರು. ಆದರೆ ಅವರು ಓಡಿದ 1 ನಿಮಿಷ 45.77 ಸೆಕೆಂಡು ಭಾರತದ ದಾಖಲೆಯಾಗಿ 42 ವರ್ಷ ಉಳಿಯಿತು. ಅದನ್ನು 2018ರಲ್ಲಿ ಮುರಿದವರು ಕೇರಳದ ಜಿನ್ಸನ್ ಜಾನ್ಸನ್.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಕಾಲು ನೋಯಿಸುವ ವಿಷವೆಂದು ಲ್ಯಾಕ್ಟಿಕ್ ಆಮ್ಲವನ್ನು ಬೈಯುವುದು ರೂಢಿ. ವಾಸ್ತವದಲ್ಲಿ ಲ್ಯಾಕ್ಟೇಟ್ ಒಂದು ಇಂಧನ. ಹೃದಯವೂ, ಇತರ ಸ್ನಾಯುಗಳೂ ಅದನ್ನು ಎತ್ತಿಕೊಂಡು ಉರಿಸುತ್ತವೆ. ಓಟ ಮುಗಿದು ಒಂದು ಗಂಟೆಯ ಹೊತ್ತಿಗೆ ಅದು ಹೆಚ್ಚುಕಡಿಮೆ ಖಾಲಿ. ಹಾಗಾದರೆ ಮಾರನೆಯ ದಿನ ಮೆಟ್ಟಿಲು ಇಳಿಯುವಾಗ ಅಯ್ಯೋ ಅಮ್ಮಾ ಅನ್ನಿಸುವ ನೋವು ಯಾವುದು? ಅದು ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಗಾಯಗಳ ನೋವು.

ಹೃದಯ ಎಂಬ ಪಂಪು

ದೂರ ಹೆಚ್ಚಿದಂತೆ ಪ್ರಶ್ನೆ ಒಂದೇ: ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಕಾಲಿಗೆ ತಲುಪಿಸಬಲ್ಲಿರಿ? ಇದಕ್ಕೆ ಒಂದು ಮಿತಿ ಇದೆ ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವರಲ್ಲಿ ಮುಖ್ಯರು ಇಂಗ್ಲೆಂಡಿನ ಆರ್ಚಿಬಾಲ್ಡ್ ಹಿಲ್, ನೊಬೆಲ್ ಪಡೆದ ವಿಜ್ಞಾನಿ, ಸ್ವತಃ ಓಟಗಾರ. ಆ ಮಿತಿಯನ್ನು ಈಗ ವಿಓ-ಟು ಮ್ಯಾಕ್ಸ್ ಎನ್ನುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲಿರಿ ಎಂಬ ಲೆಕ್ಕ. ವ್ಯಾಯಾಮವಿಲ್ಲದ ಯುವಕನಿಗೆ ಇದು 35ರಿಂದ 45, ವಿಶ್ವಮಟ್ಟದ ಓಟಗಾರರಿಗೆ 70ರಿಂದ 85.

ಈ ವ್ಯತ್ಯಾಸ ಬರುವುದು ಎಲ್ಲಿಂದ? ಹೆಚ್ಚಿನ ಪಾಲು ಹೃದಯದಿಂದ. ನೀವು ಈಗ ಕುಳಿತು ಇದನ್ನು ಓದುತ್ತಿರುವಾಗ ನಿಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತಿದೆ. ಪೂರ್ತಿ ಶಕ್ತಿ ಹಾಕಿ ಓಡಿದರೆ ಸಾಮಾನ್ಯನ ಹೃದಯ 20 ಲೀಟರ್ ದೂಡೀತು, ನುರಿತ ಓಟಗಾರನದು 30 ಲೀಟರನ್ನೂ ಮೀರೀತು. ಮೂವತ್ತು ಲೀಟರ್ ಅಂದರೆ ಮನೆಗೆ ಬರುವ ಕುಡಿಯುವ ನೀರಿನ ದೊಡ್ಡ ಕ್ಯಾನಿನ ಒಂದೂವರೆ ಪಾಲು, ಒಂದೇ ನಿಮಿಷದಲ್ಲಿ! ತರಬೇತಿಯಿಂದ ಹೃದಯದ ಬಡಿತದ ಗರಿಷ್ಠ ವೇಗ ಹೆಚ್ಚುವುದಿಲ್ಲ. ಅದು ವಯಸ್ಸಿನ ಜೊತೆ ಇಳಿಯುತ್ತಲೇ ಹೋಗುತ್ತದೆ. ಹೆಚ್ಚುವುದು ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತದ ಪ್ರಮಾಣ. ಅದು ಹೆಚ್ಚಲು ತಿಂಗಳುಗಳು ಬೇಕು.

ಪಂಪು ಚೆನ್ನಾಗಿದ್ದರೂ ಒಯ್ಯುವ ಗಾಡಿ ಖಾಲಿ ಇದ್ದರೆ? ಆಮ್ಲಜನಕ ಹೊರುವುದು ರಕ್ತದ ಹಿಮೋಗ್ಲೋಬಿನ್, ಅದಕ್ಕೆ ಕಬ್ಬಿಣದ ಅಂಶ ಬೇಕು. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಅಕ್ಕ ತಂಗಿಯರೇ, ಎಷ್ಟು ಅಭ್ಯಾಸ ಮಾಡಿದರೂ ಏದುಸಿರು ಕಡಿಮೆಯಾಗುತ್ತಿಲ್ಲವೆಂದರೆ “ನನ್ನ ಕೈಲಿ ಆಗದು” ಎಂದು ಬಿಟ್ಟುಬಿಡಬೇಡಿ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಹೆಣ್ಣುಮಕ್ಕಳ ದೇಹಕ್ಕೆ ದೂರದ ಓಟ ಒಗ್ಗದು ಎಂಬ ಮಾತು ಬಹಳ ಕಾಲ ನಡೆಯಿತು. 1928ರಲ್ಲಿ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮಹಿಳೆಯರ 800 ಮೀಟರ್ ನಡೆದ ಮೇಲೆ, ಓಡಿದವರು ಸುಸ್ತಾಗಿ ಬಿದ್ದರೆಂದು ಗುಲ್ಲೆಬ್ಬಿಸಿ 1960ರವರೆಗೆ ಆ ಸ್ಪರ್ಧೆಯನ್ನೇ ತೆಗೆದುಹಾಕಿದರು. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಸುಸ್ತಾಗಿ ಬೀಳುವುದಕ್ಕೆ ಹೆಣ್ಣು ಗಂಡು ಎಂಬ ಭೇದವಿಲ್ಲ ಎಂದು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಮಾತಾಡುತ್ತಾ ಓಡಬಲ್ಲಿರಾ?

ವಿಓ-ಟು ಮ್ಯಾಕ್ಸ್ ಅನ್ನು ಪೂರ್ತಿಯಾಗಿ ಬಳಸಿಕೊಂಡು ಓಡಲು ಸಾಧ್ಯವಾಗುವುದು ಕೆಲವೇ ನಿಮಿಷ. ಗಂಟೆಗಟ್ಟಲೆ ಓಡಬೇಕಾದರೆ ಅದರ ಎಷ್ಟು ಪಾಲನ್ನು ಹೊಗೆ ಕಟ್ಟದಂತೆ ಬಳಸಬಲ್ಲಿರಿ ಎಂಬುದು ಮುಖ್ಯ. ಒಂದು ವೇಗದವರೆಗೆ ಲ್ಯಾಕ್ಟೇಟ್ ಹುಟ್ಟಿದಷ್ಟೂ ಉರಿದುಹೋಗುತ್ತದೆ. ಅದನ್ನು ದಾಟಿದರೆ ರಕ್ತದಲ್ಲಿ ಕೂಡುತ್ತಾ ಹೋಗುತ್ತದೆ. ಆ ಗಡಿಗೆ ಲ್ಯಾಕ್ಟೇಟ್ ಹೊಸ್ತಿಲು ಎನ್ನಬಹುದು. ಅಭ್ಯಾಸವಿಲ್ಲದವರು ಈ ಹೊಸ್ತಿಲನ್ನು ಬೇಗ ಎಡವುತ್ತಾರೆ. ಒಳ್ಳೆಯ ಮ್ಯಾರಥಾನ್ ಓಟಗಾರರು ತಮ್ಮ ಗರಿಷ್ಠದ ಶೇಕಡಾ 80ರಷ್ಟನ್ನು ಎರಡು ಗಂಟೆ ಕಾಲ ಎಳೆಯಬಲ್ಲರು.

ಹೊಸ್ತಿಲು ಎಲ್ಲಿದೆ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಜೊತೆಯಲ್ಲಿ ಓಡುವವರ ಹತ್ತಿರ ಕನ್ನಡದಲ್ಲಿ ಮಾತಾಡಿ. ಪೂರ್ತಿ ವಾಕ್ಯಗಳು ಸಲೀಸಾಗಿ ಬಂದರೆ ನೀವು ಹೊಸ್ತಿಲಿನ ಒಳಗಿದ್ದೀರಿ. ಎರಡು ಮೂರು ಪದಕ್ಕೊಮ್ಮೆ ಉಸಿರು ಬೇಕಾದರೆ ಹೊಸ್ತಿಲ ಮೇಲಿದ್ದೀರಿ. ಹೌದು, ಇಲ್ಲ ಅನ್ನುವುದಷ್ಟೇ ಆದರೆ ದಾಟಿಬಿಟ್ಟಿದ್ದೀರಿ. ಮೊದಲ ಕೆಲವು ತಿಂಗಳು ಬಹುಪಾಲು ಓಟ ಮಾತಾಡುತ್ತಾ ಓಡುವ ವೇಗದಲ್ಲೇ ಇರಲಿ.

ಮೂರನೆಯ ಅಂಶ ಮಿತವ್ಯಯ. ಒಂದೇ ದೂರಕ್ಕೆ ಒಂದು ಕಾರು ಕಡಿಮೆ ಪೆಟ್ರೋಲ್ ಕುಡಿಯುತ್ತದೆ, ಇನ್ನೊಂದು ಹೆಚ್ಚು. ಓಟಗಾರರಲ್ಲೂ ಹಾಗೆಯೇ. ಹಿಮ್ಮಡಿಯ ಮೇಲಿನ ದಪ್ಪ ನರದಂಥ ಕಂಡರ ಸ್ಪ್ರಿಂಗಿನಂತೆ ಕೆಲಸ ಮಾಡಿ ಪ್ರತಿ ಹೆಜ್ಜೆಯ ಶಕ್ತಿಯಲ್ಲಿ ಒಂದಿಷ್ಟನ್ನು ಹಿಂದಕ್ಕೆ ಕೊಡುತ್ತದೆ. ಆದರೆ ಪ್ರತಿ ಹೆಜ್ಜೆಗೂ ನಿಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಮ್ಯಾರಥಾನಿನಲ್ಲಿ ಅಂಥ ಹೆಜ್ಜೆಗಳು ಸುಮಾರು ನಲವತ್ತು ಸಾವಿರ! ಹೃದಯ, ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ; ಮೂಳೆ, ಕಂಡರಗಳು ಗಟ್ಟಿಯಾಗಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಹೊಸಬರಿಗೆ ಪೆಟ್ಟಾಗುವುದು ಈ ನಡುವಿನ ಅವಧಿಯಲ್ಲೇ. ಉಸಿರು ಓಡು ಅನ್ನುತ್ತದೆ, ಮೊಣಕಾಲು ಬೇಡ ಅನ್ನುತ್ತದೆ. ಮೊಣಕಾಲಿನ ಮಾತು ಕೇಳಿ.

ಮೂವತ್ತನೆಯ ಕಿಲೋಮೀಟರಿನ ಗೋಡೆ

ಮ್ಯಾರಥಾನ್ ಓಡಿದವರನ್ನು ಕೇಳಿ ನೋಡಿ, 30 ಕಿಲೋಮೀಟರ್ ದಾಟಿದ ಮೇಲೆ ಗೋಡೆಗೆ ಡಿಕ್ಕಿ ಹೊಡೆದಂತಾಯಿತು ಎನ್ನುತ್ತಾರೆ. ಇದರ ಹಿಂದೆ ಸರಳವಾದ ಲೆಕ್ಕವಿದೆ. ಓಡಲು ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲರಿ ಬೇಕು. 60 ಕಿಲೋ ತೂಗುವವರಿಗೆ 42 ಕಿಲೋಮೀಟರಿಗೆ 2,500 ಕಿಲೋಕ್ಯಾಲರಿ. ಆದರೆ ಸ್ನಾಯುವಿನಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಎಲ್ಲ ಸೇರಿ ಅರ್ಧ ಕಿಲೋ ಆಸುಪಾಸು, ಅಂದರೆ ಸುಮಾರು 2,000 ಕಿಲೋಕ್ಯಾಲರಿ. ಲೆಕ್ಕ ತಾಳೆಯಾಗುವುದಿಲ್ಲ.

ಹೊಟ್ಟೆಯ ಸುತ್ತ ಇರುವ ಕೊಬ್ಬು? ಅದು ಬೇಕಾದಷ್ಟಿದೆ, ತೆಳ್ಳಗಿನವರಲ್ಲೂ ಹಲವು ಮ್ಯಾರಥಾನಿಗೆ ಸಾಕಾಗುವಷ್ಟಿದೆ. ಆದರೆ ಕೊಬ್ಬು ಫಿಕ್ಸೆಡ್ ಡಿಪಾಜಿಟ್ ಇದ್ದಂತೆ, ಬೇಕೆಂದ ತಕ್ಷಣ ಕೈಗೆ ಸಿಗದು. ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಯನ್ನೇ ಹೆಚ್ಚು ಬಳಸುತ್ತದೆ. ನಿಧಾನವಾಗಿ ಓಡಿದರೆ ಕೊಬ್ಬಿನ ಪಾಲು ಏರುತ್ತದೆ, ಸಕ್ಕರೆ ಉಳಿಯುತ್ತದೆ. ಮೊದಲ ಐದು ಕಿಲೋಮೀಟರಿನಲ್ಲಿ ಉತ್ಸಾಹದಿಂದ ಮಾಡಿದ ದುಂದುಗಾರಿಕೆಗೆ ಕೊನೆಯ ಐದು ಕಿಲೋಮೀಟರಿನಲ್ಲಿ ಬಡ್ಡಿ ಸಮೇತ ಕಟ್ಟಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಓಟಗಾರರಿಗೇ ಇರಬೇಕು!

ಕೊರತೆ ತುಂಬಲು ಓಡುವಾಗಲೇ ತಿನ್ನಬೇಕು. ಒಂದೂವರೆ ಗಂಟೆಗಿಂತ ಹೆಚ್ಚು ಓಡುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಥ ಪಿಷ್ಟ ಸಹಾಯಕ. ಅಂಗಡಿಯ ದುಬಾರಿ ಪಾನೀಯವೇ ಆಗಬೇಕೆಂದಿಲ್ಲ. ರಾಮನವಮಿಯ ಪಾನಕ ಗೊತ್ತಲ್ಲ? ಒಂದು ಲೀಟರ್ ನೀರಿಗೆ 60ರಿಂದ 80 ಗ್ರಾಂ ಬೆಲ್ಲ, ನಿಂಬೆರಸ, ಒಂದು ಚಿಟಿಕೆ ಉಪ್ಪು. ಮೆಣಸು ಮಾತ್ರ ಬೇಡ. ಬಾಳೆಹಣ್ಣೂ ಒಳ್ಳೆಯದೇ. ಹಿಂದಿನ ರಾತ್ರಿ ಅನ್ನ, ಸಾರು, ಮೊಸರು. ಓಟಕ್ಕೆ ಎರಡು ಮೂರು ಗಂಟೆ ಮೊದಲು ಎರಡು ಮೂರು ಇಡ್ಲಿ. ಕಾಳುಪಲ್ಯ, ಹುಳಿ ಖಾರ, ಎಣ್ಣೆ ತಿಂಡಿಗಳನ್ನು ಓಟ ಮುಗಿದ ಮೇಲೆ ಎಷ್ಟು ಬೇಕಾದರೂ ತಿನ್ನಿ.

ನನ್ನದೇ ಒಂದು ಕಥೆ

ಇದನ್ನೆಲ್ಲ ಪುಸ್ತಕ ಓದಿ ಹೇಳುತ್ತಿದ್ದೇನೆ ಎಂದುಕೊಂಡಿರಾ? ನಾನೂ ಒಮ್ಮೆ ಹಾಫ್ ಮ್ಯಾರಥಾನ್ ಓಡಲು ಹೋದವನೇ. ಡಿಸೆಂಬರಿನಲ್ಲಿ ರಜೆ ಹಾಕಿ ಬೆಂಗಳೂರಿಗೆ ಹೋಗಿ, ಕಬ್ಬನ್ ಪಾರ್ಕಿನ ಚುಮುಚುಮು ಚಳಿಯಲ್ಲಿ ಮೂರು ವಾರ ಓಡಿದ್ದೆ. ಎಷ್ಟು ಹಗುರ! ನಾನೇ ಹೀರೋ ಅನ್ನಿಸಿತ್ತು. ಅದೇ ವೇಗವನ್ನು ಕಡಲ ಪಕ್ಕದ ಈ ಊರಿನಲ್ಲಿ ಇಟ್ಟುಕೊಂಡು ಹೊರಟೆ. ಹದಿನೇಳನೆಯ ಕಿಲೋಮೀಟರಿನಲ್ಲಿ ಬಿಸಿಲಲ್ಲೂ ಮೈ ಜುಂ ಎಂದು ಚಳಿ ಬಂತು, ರೋಮ ನಿಂತವು. ಸ್ವಯಂಸೇವಕಿಯೊಬ್ಬಳು ನನ್ನ ತೂರಾಟ ನೋಡಿ ಹೆಸರು ಕೇಳಿದಳಂತೆ. ನಾನು ಊರಿನ ನಮ್ಮ ಹಳೆಯ ಮನೆಯ ಫೋನ್ ನಂಬರ್ ಹೇಳಿದೆನಂತೆ! ಆ ಹುಡುಗಿ ಪುಣ್ಯಾತ್ಗಿತ್ತಿ, ನನ್ನನ್ನು ಅಲ್ಲೇ ಕೂರಿಸಿ ಮೈಮೇಲೆ ನೀರು ಸುರಿದು ವೈದ್ಯರನ್ನು ಕರೆದಳು. ಡೇರೆಯಲ್ಲಿ ಐಸಿನಲ್ಲಿ ಅದ್ದಿದ ಟವೆಲ್ ಸುತ್ತಿದರು. ಒಂದು ಗಂಟೆಯಲ್ಲಿ ಸರಿಹೋದೆ. ಮನೆಯಲ್ಲಿ ಸರಿಹೋಗಲು ಒಂದು ತಿಂಗಳು ಬೇಕಾಯಿತು.

ನನಗೆ ಆದದ್ದೇನು? ಓಡುವಾಗ ಉರಿಯುವ ಶಕ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಬರಿ ಶಾಖವಾಗುತ್ತದೆ. ಅದು ಹೊರಹೋಗದಿದ್ದರೆ ಆರೇಳು ನಿಮಿಷಕ್ಕೆ ದೇಹದ ಉಷ್ಣತೆ ಒಂದು ಡಿಗ್ರಿಯಂತೆ ಏರುತ್ತದೆ. ಹೊರಗೆ ಕಳಿಸುವ ಮುಖ್ಯ ದಾರಿ ಬೆವರು. ಆದರೆ ನೆನಪಿಡಿ, ತಂಪು ಮಾಡುವುದು ಆರಿದ ಬೆವರು, ತೊಟ್ಟಿಕ್ಕಿದ ಬೆವರಲ್ಲ. ಮುಂಬೈ, ಚೆನ್ನೈಗಳ ತೇವದ ಗಾಳಿಯಲ್ಲಿ ಒಗೆದ ಬಟ್ಟೆಯೇ ಬೇಗ ಒಣಗುವುದಿಲ್ಲ, ಬೆವರು ಹೇಗೆ ಆರೀತು? ಅತ್ತ ಕಾಲೂ ರಕ್ತ ಕೇಳುತ್ತದೆ, ಇತ್ತ ತಂಪಾಗಲು ಚರ್ಮವೂ ಕೇಳುತ್ತದೆ. ಒಂದೇ ಪಂಪಿಗೆ ಎರಡು ನಲ್ಲಿ. ಹಾಗಾಗಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ.

ದೇಹ ಬಿಸಿಗೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಹತ್ತರಿಂದ ಹದಿನಾಲ್ಕು ದಿನ ಆ ಹವೆಯಲ್ಲೇ ಓಡಬೇಕು. ಬೆಂಗಳೂರಿನಿಂದ ನಿಮ್ಮ ಭಾವನೋ ತಮ್ಮನೋ ಓಡಲು ಬರುವವರಿದ್ದರೆ ಈ ಮಾತನ್ನು ಮರೆಯದೆ ಹೇಳಿ. ಅಲ್ಲಿನ ವೇಗ ಇಲ್ಲಿ ನಡೆಯದು.

ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿ, ಬುದ್ಧಿ ಮಂಕಾದರೆ ಅದು ಶಾಖಾಘಾತ. ಪ್ರಾಣಕ್ಕೇ ಅಪಾಯ. ಅಂಥವರನ್ನು ಕಂಡರೆ ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ. ನೆರಳು, ತಣ್ಣೀರು, ಐಸು, ಗಾಳಿ, ಯಾವುದು ಸಿಕ್ಕರೆ ಅದು. 1984ರ ಆ ಮೊದಲ ಮಹಿಳಾ ಒಲಿಂಪಿಕ್ ಮ್ಯಾರಥಾನಿನಲ್ಲಿ ಸ್ವಿಟ್ಜರ್ಲೆಂಡಿನ ಗ್ಯಾಬ್ರಿಯೇಲಾ ಆಂಡರ್ಸನ್ ಷೀಸ್ ಕೊನೆಯ ಸುತ್ತನ್ನು ಮೈ ವಾಲಿಸಿಕೊಂಡು, ತೂರಾಡುತ್ತಾ ಐದು ನಿಮಿಷಕ್ಕೂ ಹೆಚ್ಚು ಹೊತ್ತು ನಡೆದು ಮುಗಿಸಿದ ದೃಶ್ಯವನ್ನು ಜಗತ್ತು ಕಂಡಿತು. ಅವರು ಚೇತರಿಸಿಕೊಂಡರು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ನೀರು: ಕಡಿಮೆಯೂ ಬೇಡ, ಅತಿಯೂ ಬೇಡ

ಹಾಗಾದರೆ ಸಿಕ್ಕ ಸಿಕ್ಕಲ್ಲೆಲ್ಲ ನೀರು ಕುಡಿಯೋಣವೇ? ಅದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಅಂದರೆ ಉಪ್ಪಿನ ಅಂಶ ಮಿತಿಗಿಂತ ಕೆಳಗಿಳಿದಿತ್ತು. ಓಟದಲ್ಲಿ ತೂಕ ಕಳೆದುಕೊಳ್ಳುವ ಬದಲು ತೂಕ ಹೆಚ್ಚಿಸಿಕೊಂಡವರಿಗೆ ಈ ಅಪಾಯ ಹೆಚ್ಚಾಗಿತ್ತು. ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು. ರಕ್ತ ತೆಳುವಾಗಿ, ಮಿದುಳು ಊದಿ, ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತವೆ. ನಿಧಾನವಾಗಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡುವವರು, ಪ್ರತಿ ನೀರಿನ ಮೇಜಿನಲ್ಲೂ ನಿಲ್ಲುವವರು ಎಚ್ಚರವಾಗಿರಬೇಕು.

ನಿಮ್ಮ ಬೆವರಿನ ಲೆಕ್ಕ ಮನೆಯಲ್ಲೇ ಸಿಗುತ್ತದೆ. ಓಡುವ ಮೊದಲು, ಒಂದು ಗಂಟೆ ಓಡಿದ ಮೇಲೆ ಮೈ ಒರೆಸಿಕೊಂಡು, ಎರಡು ಸಲ ತೂಕ ನೋಡಿ. ನಡುವೆ ಏನೂ ಕುಡಿಯದಿದ್ದರೆ, ಒಂದು ಕಿಲೋ ಇಳಿದರೆ ಒಂದು ಲೀಟರ್ ಬೆವರಿದ್ದೀರಿ. ಓಡುವಾಗ ಅದಕ್ಕಿಂತ ಹೆಚ್ಚು ಕುಡಿಯಬೇಡಿ. ಬಾಯಾರಿದಾಗ ಕುಡಿಯಿರಿ, ಸ್ವಲ್ಪ ಉಪ್ಪು ಸೇರಿರಲಿ.

ಎದೆಯ ಮಾತು

ಓಟದಲ್ಲಿ ಯಾರೋ ಕುಸಿದು ತೀರಿಕೊಂಡರೆಂಬ ಸುದ್ದಿ ಬಂದಾಗ ಮನೆಯವರಿಗೆ ಭಯವಾಗುವುದು ಸಹಜ. ಅಮೆರಿಕದಲ್ಲಿ 2000ರಿಂದ 2010ರವರೆಗೆ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಮಂದಿಯ ಲೆಕ್ಕ ತೆಗೆದರು. ಹೃದಯ ಸ್ತಂಭನವಾದದ್ದು 59 ಮಂದಿಗೆ, ಅವರಲ್ಲಿ 42 ಮಂದಿ ಉಳಿಯಲಿಲ್ಲ. ಸುಮಾರು 1 ಲಕ್ಷ 84 ಸಾವಿರಕ್ಕೆ ಒಬ್ಬರು. ಬಹಳ ಅಪರೂಪ, ಆದರೆ ಆ ಒಬ್ಬರ ಮನೆಗೆ ಅದು ಅಪರೂಪವಲ್ಲ.

ಬಹುಪಾಲು ಸಾವುಗಳ ಹಿಂದೆ ಇದ್ದದ್ದು ಮೊದಲೇ ಇದ್ದ ಹೃದಯದ ದೋಷ. ಆದ್ದರಿಂದ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಮೊದಲು ವೈದ್ಯರ ಹತ್ತಿರ ಹೋಗಿ. ಓಡುವಾಗ ಎದೆ ಹಿಂಡಿದಂತಾದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ, ಅದು ಗ್ಯಾಸ್ ಎಂದು ಸುಮ್ಮನಿರಬೇಡಿ. ಅಲ್ಲೇ ನಿಲ್ಲಿ. ಜ್ವರ ಬಂದ ದಿನ ಓಡಲೇಬೇಡಿ, ಮೆಡಲು ಎಷ್ಟೇ ಹೊಳೆಯುತ್ತಿರಲಿ.

ಡೊಂಬಿವಿಲಿಯ ಗೆಳೆಯರಿಗೆ

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮನಸ್ಸು ಗಟ್ಟಿ ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು, ಸ್ವಾಮಿ. ಮನಸ್ಸು ಒಂದು ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಹೃದಯ, ಮೂಳೆ, ಕಂಡರಗಳು ತಮ್ಮ ಲೆಕ್ಕದಲ್ಲಿ, ತಮ್ಮ ನಿಧಾನದಲ್ಲಿ ಗಟ್ಟಿಯಾಗುತ್ತವೆ. ಗಟ್ಟಿ ಮನಸ್ಸು ಅಪಾಯದ ಗಂಟೆಯನ್ನೂ ಕೇಳಿಸದಂತೆ ಮಾಡಬಲ್ಲದು. ಹದಿನೇಳನೆಯ ಕಿಲೋಮೀಟರಿನಲ್ಲಿ ನನಗೆ ಮಾಡಿತಲ್ಲ, ಹಾಗೆ.

ಆದ್ದರಿಂದ ಈ ಜನವರಿಯ 21 ಕಿಲೋಮೀಟರ್ ಬೇಡ. ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇನ್ನರ್ಧ ಸತ್ಯ ಏನೆಂದರೆ ನೀವು ಓಡಬೇಕು, ಮುಂದಿನ ಜನವರಿಯಲ್ಲಿ. ಈ ವಾರ ವೈದ್ಯರನ್ನು ಕಾಣಿ. ಅವರು ಆಗಬಹುದು ಎಂದರೆ ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಒಂದು ತಿಂಗಳ ನಂತರ ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ. ಮೆಲ್ಲಗೆ ಓಟದ ಪಾಲು ಹೆಚ್ಚಿಸಿ. ನಾಲ್ಕೈದು ತಿಂಗಳಿಗೆ 5 ಕಿಲೋಮೀಟರ್ ಮಾತಾಡುತ್ತಾ ಓಡಬಲ್ಲಿರಿ. ಆಮೇಲೆ ವಾರಕ್ಕೊಂದು ಉದ್ದ ಓಟ, ಪ್ರತಿ ವಾರ ಒಂದೇ ಕಿಲೋಮೀಟರ್ ಹೆಚ್ಚು, ನಾಲ್ಕನೆಯ ವಾರ ಇಳಿಸಿ ವಿಶ್ರಾಂತಿ. ಓಟದ ದಿನ ಹೊಸ ಬೂಟು, ಹೊಸ ತಿಂಡಿ, ಹೊಸ ವೇಗ ಮೂರೂ ಬೇಡ.

ಸಾಧ್ಯವಾದರೆ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಾತಾಡುತ್ತಾ ಓಡಬೇಕು ಎಂದೆನಲ್ಲ, ಮಾತಾಡಲು ಯಾರಾದರೂ ಬೇಕಲ್ಲವೇ?

ಮುಂದಿನ ವರ್ಷ ಓಡಿ ಮುಗಿಸಿದ ಮೇಲೆ ನಮಗೊಂದು ಪತ್ರ ಹಾಕಿ. ನಿಮಗಿಷ್ಟವಾದ ಹಾಡನ್ನು ಹಾಕಿಸುವ ಜವಾಬ್ದಾರಿ ನನ್ನದು. ಅಲ್ಲಿಯವರೆಗೆ ನಿಧಾನವಾಗಿ ಓಡಿ, ಕೇಳುತ್ತಲೇ ಇರಿ.